ಕೌದಿಯ ನಾಲ್ಕನೇ ಮೂಲೆ

ತೊರೆನೂರು
ಡಿಸೆಂಬರ್ ೨೦, ಶನಿವಾರ

ನನ್ನ ಪುಟ್ಟೀ,

ಗಂಟಲು ಹೇಗಿದೆ? ಬೀದರಿನಲ್ಲಿ ಈ ಸಲ ಚಳಿ ಜಾಸ್ತಿ ಎಂದು ಟೀವಿಯವರು ಹೇಳಿದಾಗಲೆಲ್ಲ ನನಗೆ ನಿನ್ನ ಟಾನ್ಸಿಲ್ ನೆನಪಾಗುತ್ತದೆ. ಜೀಪಿನಲ್ಲಿ ಹಳ್ಳಿ ಸುತ್ತುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ಅಸಿಸ್ಟೆಂಟ್ ಕಮಿಷನರ್ ಮೇಡಂ ಅಂದ ಮಾತ್ರಕ್ಕೆ ಚಳಿ ಹೆದರಿ ಓಡಿಹೋಗುವುದಿಲ್ಲ. ಮಲಗುವ ಮುಂಚೆ ಉಪ್ಪುನೀರು ಮುಕ್ಕಳಿಸು. ನೀನು ಇಲ್ಲಿಂದ ಒಯ್ದ ಕೌದಿ ಹೊದೆಯುತ್ತಿದ್ದೀಯೋ, ಇಲ್ಲ ಸರ್ಕಾರಿ ಕ್ವಾರ್ಟರ್ಸಿಗೆ ಹಳೇ ಸೀರೆಯ ಹೊದಿಕೆ ಒಪ್ಪುವುದಿಲ್ಲವೆಂದು ಟ್ರಂಕಿಗೆ ತುಂಬಿದ್ದೀಯೋ? ಹೊದೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮಪ್ಪನಿಗೆ ಶುಂಠಿ ಕೀಳಿಸುವ ಗಡಿಬಿಡಿ. ಲಿಂಗಮ್ಮಜ್ಜಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಎಲ್ಲವೂ ಕಾಣುತ್ತಿದೆ, ಮುಖ್ಯವಾಗಿ ಸೊಸೆಯ ತಪ್ಪುಗಳು. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನು ಮಾಡಿದರೆ ನೀನು ‘ಅಮ್ಮಾ, ಮೀಟಿಂಗಿನಲ್ಲಿದ್ದೀನಿ, ಆಮೇಲೆ ಮಾಡ್ತೀನಿ’ ಅನ್ನುತ್ತೀಯ, ಆ ಆಮೇಲೆ ಬರುವ ಹೊತ್ತಿಗೆ ನನ್ನ ಸಿಟ್ಟು ಇಳಿದುಹೋಗಿರುತ್ತದೆ. ಈ ಸಲದ ಸಿಟ್ಟು ಇಳಿಯಬಾರದು ಎಂದೇ ಕಾಗದ ತೆಗೆದುಕೊಂಡು ಕೂತಿದ್ದೇನೆ. ಕಾಗದದ ಮಧ್ಯೆ ನೀನು ಕಟ್ ಮಾಡುವ ಹಾಗಿಲ್ಲವಲ್ಲ.

ಮಳೆಗಾಲದಲ್ಲಿ ನಾವು ಹೆಂಗಸರು ಕೌದಿ ಹೊಲಿಯಲು ಶುರು ಮಾಡಿದ್ದು ನಿನಗೆ ಗೊತ್ತು. ಇದು ಪೊನ್ನಮ್ಮ ಟೀಚರ ಯೋಚನೆ. ರಿಟೈರ್ ಆದ ಮೇಲೂ ಅವರಿಗೆ ಸುಮ್ಮನೆ ಕೂರುವುದು ಬರುವುದಿಲ್ಲ. ನಮ್ಮ ಊರಾಚೆ ಕಾಡಂಚಿನ ಹಾಡಿಯ ಗಿರಿಜನರು ಕಾಫಿ ಪಿಕ್ಕಿಂಗ್ ಸಮಯಕ್ಕೆ ಗಾಳಿಬೀಡು ಕಡೆಯ ಎಸ್ಟೇಟಿಗೆ ಹೋಗಿ ಕೂಲಿಯವರ ಲೈನ್ ಮನೆಗಳಲ್ಲಿ ಇರುತ್ತಾರಲ್ಲ, ಅಲ್ಲಿ ಮಕ್ಕಳು ಕಾಫಿ ಚೀಲ ಹೊದ್ದು ಮಲಗುವುದನ್ನು ಅವರು ಹೋದ ವರ್ಷ ನೋಡಿ ಬಂದಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಹೇಳುತ್ತೇವೆ, ಹಾಸಿಗೆಯೇ ಇಲ್ಲದ ಮಕ್ಕಳು ಕಾಲು ಎಲ್ಲಿಡಬೇಕು ಹೇಳು. ಊರಿನ ಮನೆಮನೆಯಿಂದ ಹಳೇ ಸೀರೆ, ಪಂಚೆ ಬಂದವು. ನಿಮ್ಮಪ್ಪನ ಮದುವೆಯ ಪಂಚೆಯೂ ಹೋಯಿತು, ಅವರಿಗೆ ಇನ್ನೂ ಗೊತ್ತಿಲ್ಲ, ನೀನೂ ಹೇಳಬೇಡ. ಎಲ್ಲವನ್ನೂ ಬಿಸಿನೀರಿನಲ್ಲಿ ಕುದಿಸಿ, ಒಣಗಿಸಿ, ನಮ್ಮ ಜಗಲಿಯಲ್ಲಿ ಹರಡಿಕೊಂಡು ಕೂತರೆ ಊಟದ ಹೊತ್ತೂ ಮರೆತುಹೋಗುತ್ತಿತ್ತು. ಲಿಂಗಮ್ಮಜ್ಜಿಯದು ಮೇಸ್ತ್ರಿ ಕೆಲಸ. ಹೊಲಿಗೆ ಸೊಟ್ಟಗಾದರೆ ಬಿಚ್ಚಿಸುತ್ತಿದ್ದರು, ಟೀಚರದ್ದನ್ನೂ ಬಿಡಲಿಲ್ಲ.

ನಮ್ಮ ಶುಂಠಿ ಹೊಲಕ್ಕೆ ಬರುವ ಹಾಡಿಯ ಹೆಂಗಸಿನ ಮಗಳು ಮುದ್ದಿ, ಮೂರನೇ ಕ್ಲಾಸು, ಶಾಲೆಗೆ ರಜೆ ಇದ್ದಾಗಲೆಲ್ಲ ಬಂದು ನನ್ನ ಪಕ್ಕ ಕೂರುತ್ತಿದ್ದಳು. ಓದುವ ಹುಚ್ಚು ಅವಳಿಗೆ. ಬೆಲ್ಲ ಕಟ್ಟಿದ ಪೇಪರನ್ನೂ ಓದಿ ಮುಗಿಸಿಯೇ ಬೆಲ್ಲ ಬಾಯಿಗೆ ಹಾಕಿಕೊಳ್ಳುವುದು. ತನ್ನ ಕೌದಿಗೆ ಬಣ್ಣ ಅವಳೇ ಆರಿಸಿದಳು. ನಡುವಿಗೆ ನಿನ್ನ ಕಾಲೇಜಿನ ಈರುಳ್ಳಿ ಬಣ್ಣದ ವೇಲ್ ಬೇಕೆಂದಳು. ‘ಇದು ಯಾರ್ದಜ್ಜಿ?’ ಎಂದಾಗ ‘ನಮ್ಮ ಪುಟ್ಟೀದು, ಈಗ ನಿಂದು’ ಅಂದೆ. ಅಂದಿನಿಂದ ಬಂದಾಗಲೆಲ್ಲ ಆ ಕೌದಿಯನ್ನು ಹುಡುಕಿ ತೆಗೆದು, ಎಷ್ಟು ಹೊಲಿಗೆ ಮುಂದೆ ಹೋಗಿದೆ ನೋಡಿ ಇಡುತ್ತಿದ್ದಳು.

ನಮ್ಮ ಮನೆಯ ಪದ್ಧತಿ ನಿನಗೆ ಹೊಸದಾಗಿ ಹೇಳಬೇಕಿಲ್ಲ. ಲಿಂಗಮ್ಮಜ್ಜಿ ಅರಕಲಗೂಡಿನಿಂದ ಮದುವೆಯಾಗಿ ಬರುವಾಗ ತಂದದ್ದು. ಕೌದಿಗೆ ಮೂರು ಮೂಲೆ ಮುಚ್ಚಬೇಕು, ನಾಲ್ಕನೆಯದನ್ನು ಅಂಗೈಯಗಲ ಬಿಡಬೇಕು. ಹೊದೆಯುವ ಮಗು ಎದುರಿಗೆ ಬಂದು ಕೂತ ಮೇಲೆ, ಅದು ತೊಟ್ಟು ಹಳೆಯದಾದ ಬಟ್ಟೆಯ ಒಂದು ಚೂರನ್ನು ಒಳಗಿಟ್ಟು ಆ ಮೂಲೆ ಹೊಲಿಯಬೇಕು. ಅಲ್ಲಿಯವರೆಗೆ ಕೌದಿ ಯಾರದೂ ಅಲ್ಲ. ನಿನ್ನ ಕೌದಿಯ ಮೂಲೆಯಲ್ಲಿ ನಿನ್ನ ಹಳದಿ ಲಂಗದ ಚೂರಿದೆ, ಮುಟ್ಟಿ ನೋಡು, ಸ್ವಲ್ಪ ದಪ್ಪಗೆ ಸಿಗುತ್ತದೆ. ಹಾಗೆಯೇ ಇವನ್ನೂ ಎಲ್ಲ ಮುಗಿಸಿ, ಒಂದೊಂದು ಮೂಲೆ ಬಿಟ್ಟು, ದೀಪಾವಳಿಗೆ ಸಿದ್ಧ ಮಾಡಿದೆವು.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಟೀಚರ ವ್ಯಾನ್ ಆಗ ರಿಪೇರಿಗೆ ಹೋಗಿತ್ತು. ಇಷ್ಟೊಂದು ಕೌದಿಯನ್ನು ಹಾಡಿಗೆ ಸಾಗಿಸುವುದು ಹೇಗೆ ಎಂದು ನಾವು ಯೋಚಿಸುತ್ತಿದ್ದಾಗ, ಕುಶಾಲನಗರದ ‘ಬೆಟ್ಟದ ಬೆಳಕು ಸೇವಾ ಸಮಿತಿ’ಯ ಅಧ್ಯಕ್ಷ, ಅದೇ ಹಾರ್ಡ್‌ವೇರ್ ಅಂಗಡಿಯ ತೀರ್ಥಪ್ರಸಾದ್, ತಾವಾಗಿಯೇ ಮನೆಗೆ ಬಂದರು. ‘ನಮ್ಮ ಜೀಪು ಉಂಟಲ್ಲ ಅಮ್ಮಾ, ಒಂದೇ ವಾರದಲ್ಲಿ ಕೊಟ್ಟು ಬರುವಾ’ ಎಂದು ಕಾಫಿ ಕುಡಿದು ಹೋದರು. ಸೂಜಿ ದಾರ ಹಿಡಿದು ನಾವೂ ಜೊತೆಗೆ ಹೋಗುತ್ತೇವೆ ಎಂದೇ ನಾವು ತಿಳಿದಿದ್ದು. ತೆರೆದ ಮೂಲೆ ಯಾಕೆ ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಕೌದಿಯ ಮೂಲೆ ಯಾಕೆ ತೆರೆದಿರುತ್ತದೆ ಎಂದು ಲೋಕಕ್ಕೆಲ್ಲ ಗೊತ್ತಿದೆ ಅಂದುಕೊಂಡ ಪೆದ್ದಿಯರು ನಾವು.

ಒಂದು ವಾರ ಹೋಗಿ ಹುತ್ತರಿ ಹಬ್ಬವೂ ಮುಗಿಯಿತು. ಹಾಡಿಯವರು ಗಂಟುಮೂಟೆ ಕಟ್ಟಿಕೊಂಡು ಪಿಕ್ಕಿಂಗಿಗೆ ಹೊರಟೇಹೋದರು, ಮುದ್ದಿಯೂ ಹೋದಳು. ಕೇಳಿದಾಗಲೆಲ್ಲ ಸಮಿತಿಯವರದು ಒಂದೇ ಉತ್ತರ, ಮುಖ್ಯ ಅತಿಥಿಗಳ ಡೇಟ್ ಸಿಕ್ಕಿಲ್ಲ ಎಂದು. ಯಾರಪ್ಪ ಆ ಅತಿಥಿ, ಯಾವ ಮಂತ್ರಿ, ಯಾವ ಸಿನಿಮಾದವನು ಎಂದು ನಾನು ಬಾಯಿಗೆ ಬಂದ ಹಾಗೆ ಬೈದುಕೊಂಡೆ. ಆಮೇಲೆ ಗೊತ್ತಾಯಿತು ಕಣೇ ತಾಯಿ, ಅದು ನೀನು! ನಿನಗೆ ಫೋನು ಮಾಡಿ ಕರೆದರಂತೆ, ನೀನು ಆಗಲಿ ಅಂದೆಯಂತೆ. ಆಮೇಲೆ ಕೆಲಸ ಬಂತು, ಮುಂದೆ ಹಾಕಿ ಅಂದೆಯಂತೆ. ಮತ್ತೆ ಮುಂದೆ ಹಾಕಿ ಅಂದೆಯಂತೆ. ಈಗ ಸಂಕ್ರಾಂತಿ ಕಳೆದ ಮೇಲೆ ಎಂದು ನಿಂತಿದೆಯಂತೆ. ನಿನಗೆ ಒಳಗಿನ ವಿಷಯ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಹುಟ್ಟಿದೂರಿನವರು ಕರೆದರೆಂದು ಖುಷಿಯಿಂದಲೇ ಹೂಂ ಅಂದಿರುತ್ತೀಯ. ಆದರೆ ಯಾವ ಸಮಾರಂಭ, ಏನು ಕೊಡುವುದು, ಯಾರು ಕಾಯುತ್ತಿದ್ದಾರೆ ಎಂದು ಒಂದು ಮಾತು ಕೇಳಬಾರದಿತ್ತೇ? ಬೇರೆಯವರ ಫೈಲಿನಲ್ಲಿ ಅಷ್ಟೆಲ್ಲ ಪ್ರಶ್ನೆ ಬರೆಯುತ್ತೀಯಲ್ಲ.

ಮೊನ್ನೆ ಗುರುವಾರ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ನಮ್ಮ ದನದ ಹಟ್ಟಿಯೇ ಕಾಣಲಿಲ್ಲ. ನನಗೆ ತಡೆಯಲಾಗಲಿಲ್ಲ. ಪೊನ್ನಮ್ಮ ಟೀಚರ ವ್ಯಾನ್ ಹತ್ತಿ ಸಮಿತಿಯ ಹಾಲಿಗೆ ಹೋದೆವು. ತೀರ್ಥಪ್ರಸಾದ್ ಸಂಭ್ರಮದಿಂದಲೇ ಕೋಣೆ ತೆಗೆದು ತೋರಿಸಿದರು. ಕೌದಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ಹಾಕಿ, ರಿಬ್ಬನ್ ಕಟ್ಟಿ ಜೋಡಿಸಿಟ್ಟಿದ್ದಾರೆ. ಒಂದನ್ನು ಬಿಚ್ಚಿ ನೋಡುತ್ತೇನೆ, ನಾಲ್ಕನೇ ಮೂಲೆಯನ್ನು ಮಿಷನ್ನಿನಲ್ಲಿ ಹೊಲಿಸಿ ಮುಚ್ಚಿದ್ದಾರೆ! ‘ನಿಮ್ಮವರು ಮರ್ತು ಬಿಟ್ಟಿದ್ರು ಅಮ್ಮಾ, ನಾವೇ ಟೈಲರಿಗೆ ಹೇಳಿ ಸರಿ ಮಾಡಿಸಿದ್ದು’ ಅಂದರು ಪುಣ್ಯಾತ್ಮರು. ಮುಚ್ಚಿದ್ದು ಮಾತ್ರವಲ್ಲ, ಸರಿಯಾಗಿ ಅದೇ ಜಾಗದಲ್ಲಿ, ಮಗುವಿನ ಬಟ್ಟೆ ಚೂರು ಇರಬೇಕಾದ ಜಾಗದಲ್ಲಿ, ಮಿರಮಿರ ಮಿಂಚುವ ಒಂದು ಲೇಬಲ್. ಮೇಲೆ ಸಣ್ಣ ಅಕ್ಷರದಲ್ಲಿ ಸಮಿತಿಯ ಹೆಸರು. ಕೆಳಗೆ ದಪ್ಪಕ್ಷರದಲ್ಲಿ ‘ಕಾವ್ಯಶ್ರೀ, ಕೆ.ಎ.ಎಸ್.’. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುವುದನ್ನು ಕೇಳಿದ್ದೆ, ಜಾತ್ರೆಯಲ್ಲಿ ನನ್ನ ಮಗಳನ್ನೇ ಕೂರಿಸುತ್ತಾರೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಹೆತ್ತ ಮಗಳ ಹೆಸರು ಓದಿ ನಾಚಿಕೆಯಾದದ್ದು ಅದೇ ಮೊದಲು.

ಈಗಲೇ ಕೊಡಿ, ತೆಗೆದುಕೊಂಡು ಹೋಗುತ್ತೇವೆ ಎಂದೆ. ‘ಎಂತ ಅಮ್ಮಾ ನೀವು, ಬ್ಯಾನರ್ ಪ್ರಿಂಟಾಗಿದೆ, ಮೇಡಂ ಇಲ್ದೆ ಪ್ರೋಗ್ರಾಂ ಮಾಡ್ಲಿಕ್ಕೆ ಆಗ್ತದಾ?’ ಅಂದರು. ಟೀಚರು ಕೇಳಿಯೇಬಿಟ್ಟರು, ‘ಚಳಿಗೆ ಹೇಳಿದ್ದೀರಾ ತೀರ್ಥಪ್ರಸಾದ್, ಮೇಡಂ ಬರುವವರೆಗೆ ಕಾಯ್ಲಿಕ್ಕೆ?’ ಎಂದು. ನಾನೂ ಹೇಳಿದೆ, ಆ ಮೇಡಂನ ಹೆತ್ತವಳು ಬಂದಿದ್ದೇನೆ, ಸಾಲದಾ ಎಂದು. ಊಹೂಂ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಕೆಟ್ಟವರಲ್ಲ ಪುಟ್ಟೀ ಆ ಮನುಷ್ಯ, ಅದೇ ನನಗೆ ಇನ್ನೂ ಸಿಟ್ಟು. ಒಳ್ಳೆಯದು ಮಾಡುತ್ತಿದ್ದೇನೆ ಎಂದು ನಂಬಿ ನಗುನಗುತ್ತ ಬೀಗ ಹಾಕಿ ಇಟ್ಟವರ ಹತ್ತಿರ ಜಗಳವಾಡುವುದಾದರೂ ಹೇಗೆ?

ಆಗ ನನಗೆ ಬುದ್ಧಿ ಓಡಿತು. ದನಿ ತಗ್ಗಿಸಿ ಹೇಳಿದೆ, ‘ನೋಡಿ, ಈ ಕೌದಿ ಮುಗಿದಿಲ್ಲ. ಮಗು ಕೂರದೆ ಮೂಲೆ ಮುಚ್ಚುವಂತಿಲ್ಲ. ಹೀಗೆ ಮುಚ್ಚಿದ್ದನ್ನು ಎತ್ತಿ ಕೊಟ್ಟವರಿಗೆ ನಿದ್ದೆ ಹತ್ತಲ್ಲ ಅಂತ ನಮ್ಮತ್ತೆ ಹೇಳ್ತಾರೆ. ನನ್ನ ಮಗಳು ಕೊಡೋದು ಬೇಡ.’ ಆ ನಿದ್ದೆಯ ಮಾತು ಲಿಂಗಮ್ಮಜ್ಜಿ ಯಾವತ್ತೂ ಹೇಳಿದ್ದಲ್ಲ, ನಾನು ಅಲ್ಲೇ ನಿಂತು ಕಟ್ಟಿದ್ದು. ತೀರ್ಥಪ್ರಸಾದರ ಮುಖ ಸಪ್ಪೆಯಾಯಿತು. ‘ಮೇಡಂಗೆ ಅಪಶಕುನ ಆಗ್ಬಾರ್ದಪ್ಪ’ ಎಂದು ಬೀಗದ ಕೈಯನ್ನೇ ಕೈಗಿತ್ತರು. ಮಕ್ಕಳ ಚಳಿ ಕೇಳಿಸದ ಕಿವಿಗೆ ಆಫೀಸರಮ್ಮನ ನಿದ್ದೆ ಕೇಳಿಸಿತು ನೋಡು. ವ್ಯಾನಿಗೆ ತುಂಬಿಕೊಂಡು, ಮನೆಗೂ ಬರದೆ, ಸೀದಾ ಗಾಳಿಬೀಡು ದಾರಿ ಹಿಡಿದೆವು.

ಲೈನ್ ಮನೆಯ ಮುಂದಿನ ಅಂಗಳದಲ್ಲಿ ಕೂತು ಲೇಬಲ್ ಬಿಚ್ಚಿದೆವು, ಮೂಲೆ ಬಿಚ್ಚಿದೆವು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದು ಇದೇನು ಟೈಲರಿಂಗು ಎಂದು ನಕ್ಕವರು, ಆಮೇಲೆ ಕತ್ತರಿ ಹುಡುಕಿ ತಂದುಕೊಟ್ಟರು. ಮಕ್ಕಳು ಒಬ್ಬೊಬ್ಬರೇ ಎದುರಿಗೆ ಕೂತರು. ಒಬ್ಬ ಹರಿದ ಚಡ್ಡಿಯ ಜೇಬು ಕೊಟ್ಟ, ಒಬ್ಬಳು ರಿಬ್ಬನ್ನಿನ ತುಂಡು. ಇನ್ನೊಂದು ಮಗು ಬಟ್ಟೆ ಕತ್ತರಿಸುತ್ತಾರೆಂದು ಅಳುತ್ತ ಓಡಿಹೋಗಿ, ಅವರಮ್ಮ ಹಿಡಿದು ತರಬೇಕಾಯಿತು. ಮೂಲೆ ಮುಚ್ಚಿದ ಕೂಡಲೇ ಹಗಲಿನಲ್ಲೇ ಹೊದ್ದುಕೊಂಡು ಅಂಗಳದ ತುಂಬ ಓಡಾಡಿದವು. ಮುದ್ದಿಯ ಕೌದಿಯೊಂದು ಮಾತ್ರ ನನ್ನ ಜೊತೆ ವಾಪಸ್ ಬಂದಿದೆ. ಅದನ್ನು ಬರೆಯಲು ಈಗ ಕೈ ಏಳುತ್ತಿಲ್ಲ.

ಸಮಿತಿಯವರು ನಿನಗೆ ಫೋನು ಮಾಡಿ ಅಮ್ಮ ಹೀಗೆ ಮಾಡಿದರು ಎನ್ನಬಹುದು. ಹೌದು, ಮಾಡಿದರು ಎಂದು ಹೇಳು. ಬ್ಯಾನರ್ ದಂಡವಾಯಿತು ಎಂದರೆ ಮಡಿಸಿ ಕೊಡಲಿ, ಶುಂಠಿ ಒಣಗಿಸಲು ಬೇಕಾಗುತ್ತದೆ. ನೀನು ಓದಿ ಆಫೀಸರಾದಾಗ ಊರಿಗೆಲ್ಲ ಮೈಸೂರ್ ಪಾಕ್ ಹಂಚಿದವಳು ನಾನು, ನಿನ್ನ ಹೆಸರಿನ ಮೇಲೆ ನನಗೆ ಆಸೆ ಇಲ್ಲವೇ? ಇದೆ. ಅದಕ್ಕೇ ಅದು ಸಿಕ್ಕಸಿಕ್ಕ ಕಡೆ ಅಂಟಿಕೊಳ್ಳುವುದು ನನಗೆ ಸೇರುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ಕಿವಿ ಮುಚ್ಚಿಕೋ. ಅಜ್ಜಿ ನಿನ್ನ ತಲೆ ಸವರಿದೆ ಎಂದು ಬರೆಯಲು ಹೇಳಿದರು. ಅಪ್ಪನ ಆಶೀರ್ವಾದ ಹೊಲದಿಂದಲೇ ಬಂದಿದೆ. ನನ್ನದು ಯಾವಾಗಲೂ ಇದ್ದದ್ದೇ, ಸಿಟ್ಟಿನಲ್ಲಿದ್ದರೂ ಅದೇನೂ ಕಡಿಮೆಯಾಗುವುದಿಲ್ಲ.

ನಿನ್ನ ಅಮ್ಮ
ಕಾಮಾಕ್ಷಮ್ಮ

ಮರೆತದ್ದಲ್ಲ, ಬರೆಯದೆ ಬಿಟ್ಟದ್ದು: ನಿಮ್ಮಪ್ಪ ಕೊರಿಯರ್‌ಗೆ ಕೊಡಲು ಬೈಕ್ ಸ್ಟಾರ್ಟ್ ಮಾಡಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ನಾವು ಲೇಬಲ್ ಬಿಚ್ಚುವ ಮುಂಚೆಯೇ ಮುದ್ದಿ ತನ್ನ ಕೌದಿ ಗುರುತು ಹಿಡಿದು ಎಳೆದುಕೊಂಡಳು. ಮೂಲೆಯಲ್ಲಿದ್ದದ್ದನ್ನು ಓದಿದಳು. ಓದಿ, ಮೊದಲಿದ್ದ ಹಾಗೇ ಮಡಿಸಿ ನನ್ನ ಮಡಿಲಲ್ಲಿ ಇಟ್ಟಳು. ‘ಇದು ಕಾವ್ಯಶ್ರೀ ಅನ್ನೋರ್ದು ಅಜ್ಜಿ. ಹೆಸ್ರು ಬರ್ದವ್ರೆ.’ ಇಲ್ಲ ಮಗಾ, ಅವಳು ನನ್ನ ಮಗಳು, ನಮ್ಮ ಪುಟ್ಟಿ, ಇದು ನಿಂದೇ ಎಂದು ಎಷ್ಟು ಹೇಳಿದರೂ, ‘ಬಟ್ಟೇನೂ ಅವ್ರುದೇ, ಹೆಸ್ರೂ ಅವ್ರುದೇ. ಆಮೇಲೆ ಕೇಳಿದ್ರೆ?’ ಅಂದಳು. ಎದುರಿಗೇ ಲೇಬಲ್ ಕಿತ್ತು ಎಸೆದೆ. ಕಿತ್ತರೆ ಕಳ್ಳತನವಲ್ಲವಾ ಎಂದು ಅವರಮ್ಮನ ಹಿಂದೆ ಹೋಗಿ ನಿಂತಳು. ಅವಳು ಇನ್ನೂ ಕಾಫಿ ಚೀಲದಲ್ಲೇ ಮಲಗುತ್ತಿದ್ದಾಳೆ ಪುಟ್ಟೀ. ನನ್ನ ಮಾತು ನಡೆಯುವುದಿಲ್ಲ, ನೀನೇ ಬರಬೇಕು. ಸಂಕ್ರಾಂತಿಗಲ್ಲ, ಈ ಕಾಗದ ಸಿಕ್ಕಿದ ವಾರದ ಭಾನುವಾರ, ತಪ್ಪಿದರೆ ಅದರ ಮುಂದಿನ ಭಾನುವಾರ. ಜೀಪು ಬೇಡ, ಹಾರ ಬೇಡ, ಬಸ್ಸಿನಲ್ಲಿ ಬಾ. ಬರುವಾಗ ನಿನ್ನ ಹಳೇ ಕೌದಿಯನ್ನು ಹೊತ್ತು ತಾ. ಹಳದಿ ಲಂಗದ ಮೂಲೆಯನ್ನು ಅವಳ ಕೈಗೆ ಕೊಟ್ಟು, ನನ್ನದು ಇದು, ನನಗೆ ಇನ್ನೊಂದು ಯಾಕೆ ಎಂದು ನೀನೇ ಹೇಳು. ಮುದ್ದಿಯ ಮೂಲೆಯನ್ನು ತೆರೆದೇ ಇಟ್ಟಿದ್ದೇನೆ.