ಉಡಿಗೆ ಹಾಕಿದ ಪಂಪು

ಸಿಂಧನೂರು
16 ನವೆಂಬರ್ 2025, ಭಾನುವಾರ, ಮಧ್ಯಾಹ್ನ

ಪ್ರೀತಿಯ ಭೀಮೇಶಣ್ಣನಿಗೆ,

ನಿನ್ನ ಜೊತೆ ಕೆಲಸ ಮಾಡುವ ಹಫೀಜನ ರಜೆ ಮುಗಿಯಿತು. ಇವತ್ತು ಸಂಜೆ ಏಳರ ಬಸ್ಸಿಗೆ ಹೈದರಾಬಾದಿಗೆ ಹೋಗಿ ಅಲ್ಲಿಂದ ದುಬೈ ವಿಮಾನ ಹತ್ತುತ್ತಾನೆ. ಈ ಪತ್ರ, ಅವ್ವ ಕುಟ್ಟಿದ ಶೇಂಗಾ ಹಿಂಡಿ, ನಲವತ್ತು ಖಡಕ್ ರೊಟ್ಟಿ, ಮೂರನ್ನೂ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ರೊಟ್ಟಿ ಮುರಿದರೆ ಅವನನ್ನು ಬಯ್ಯಬೇಡ, ಅವ್ವ ಈ ಸಲ ಸ್ವಲ್ಪ ತೆಳ್ಳಗೆ ಬಡಿದಿದ್ದಾಳೆ.

ನಿನ್ನ ಬೆನ್ನುನೋವು ಹೇಗಿದೆ? ಕ್ರೇನಿನ ಕುರ್ಚಿಗೆ ದಿಂಬು ಇಟ್ಟುಕೊಳ್ಳಲು ಹೇಳಿದ್ದೆ, ಇಟ್ಟುಕೊಂಡೆಯೋ ಇಲ್ಲವೋ ತಿಳಿಸಲಿಲ್ಲ. ಹಫೀಜನನ್ನು ಕೇಳಿದರೆ, "ಅವಾ ಯಾರ ಮಾತ ಕೇಳ್ಯಾನ ತಂಗಿ, ನೋವಿನ ಗುಳಿಗಿ ನುಂಗ್ತಾನ, ಮೇಲೆ ಹತ್ತತಾನ" ಅಂದ. ಗುಳಿಗೆಯನ್ನು ಬರಿ ಹೊಟ್ಟೆಯಲ್ಲಿ ನುಂಗಬೇಡ. ನಾವೆಲ್ಲ ಆರಾಮ. ದಢೇಸುಗೂರಿನ ಕಡೆ ಭತ್ತದ ಕೊಯ್ಲು ಶುರುವಾಗಿದೆ, ಯಂತ್ರಗಳು ರಸ್ತೆಗೆ ಇಳಿದಿರುವುದರಿಂದ ನನ್ನ ಬೆಳಗಿನ ಬಸ್ಸು ಮಸ್ಕಿ ಮುಟ್ಟುವುದಕ್ಕೇ ಅರ್ಧ ಗಂಟೆ ತಡ. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ನಾನು ಔಷಧದ ಕಿಟಕಿ ತೆರೆಯುವ ಹೊತ್ತಿಗೆ ಸಾಲು ಗೇಟಿನವರೆಗೆ ಬಂದಿರುತ್ತದೆ. ಬಸ್ಸಿನಲ್ಲಿ ಓದಲು ಸಮಯ ಸಿಗುತ್ತದೆ ಎಂಬುದೊಂದೇ ಲಾಭ. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಜನ ಹತ್ತು ಹತ್ತು ಪುಟ ಪತ್ರ ಬರೆಯುತ್ತಾರೆ ಎಂದು ನೀನು ನಗುತ್ತಿದ್ದೆ. ಈಗ ನಾನೂ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕುತ್ತೀಯ, ರೂಮಿನಲ್ಲಿ ಆರು ಜನ ಇರುತ್ತಾರೆ. ಇಲ್ಲಿ ಅವ್ವ ನನ್ನ ಕೈಯಿಂದ ಫೋನು ಕಸಿದುಕೊಳ್ಳುತ್ತಾಳೆ.

ವಿಷಯ ನೀನು ಅಪ್ಪನಿಗೆ ತಂದುಕೊಟ್ಟ ಇ-ಸಿಗರೇಟಿನದು. ಕಳೆದ ವರ್ಷ ಸೆಪ್ಟೆಂಬರಿನ ರಜೆಯಲ್ಲಿ ನೀನು ಆರು ತಂದೆ. ಏಪ್ರಿಲಿನಲ್ಲಿ ಹಫೀಜನ ಕೈಯಲ್ಲಿ ಮತ್ತೆ ಎಂಟು ಬಂದವು. ಲೈನ್‌ಮನ್ ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯಾಗಿ ಮೂರು ವರ್ಷದವರೆಗೆ ದಿನಕ್ಕೆ ಎರಡು ಕಟ್ಟು ಬೀಡಿ ಸೇದಿದ ಮನುಷ್ಯ ಒಂದೇ ವಾರದಲ್ಲಿ ಬಿಟ್ಟರು. ಮನೆಯಲ್ಲಿ ಆ ವಾಸನೆ ಹೋಯಿತು, ಬೆಳಗಿನ ಕೆಮ್ಮು ಕಡಿಮೆಯಾಯಿತು. ನಾನೂ ಸಂತೋಷಪಟ್ಟೆ. ಅದು ಈ ದೇಶದಲ್ಲಿ ನಿಷೇಧವಾದ ವಸ್ತು ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಹದಿನಾಲ್ಕು ತಿಂಗಳು ಸುಮ್ಮನಿದ್ದೆ, ಇದನ್ನು ಮೊದಲು ಬರೆದುಬಿಡುತ್ತೇನೆ.

ಅಪ್ಪ ಬಿಟ್ಟದ್ದು ಬೀಡಿಯನ್ನು ಮಾತ್ರ. ಮೊದಲು ಬೀಡಿ ಸೇದಲು ಅಂಗಳಕ್ಕೆ ಹೋಗುತ್ತಿದ್ದರು, ಅದು ಸುಟ್ಟು ಬೆರಳಿಗೆ ಬಂದರೆ ಮುಗಿಯುತ್ತಿತ್ತು. ಇದು ಮುಗಿಯುವುದಿಲ್ಲ. ಪೇಪರ್ ಓದುತ್ತ, ಊಟದ ನಡುವೆ, ಸ್ನಾನಕ್ಕೆ ನೀರು ಕಾಯುವಷ್ಟರಲ್ಲಿ, ಜೇಬಿನಿಂದ ತೆಗೆದು ಎಳೆಯುತ್ತಾರೆ. ಒಂದು ದಿನ ಚಾರ್ಜ್ ಆಗದೆ ನಿಂತಾಗ ಅವ್ವನ ಮೇಲೆ ತಾಟು ಎಸೆದರು. ಹಿಂದೆಂದೂ ಹಾಗೆ ಮಾಡಿದವರಲ್ಲ. ಡಬ್ಬಿಯ ತಳದಲ್ಲಿ ಸಣ್ಣ ಅಕ್ಷರದಲ್ಲಿ ನಿಕೋಟಿನ್ ಶೇಕಡಾ ಐದು ಎಂದಿದೆ. ಬೀಡಿಗಿಂತ ಇದರ ಹಾನಿ ಕಡಿಮೆ ಎನ್ನುವ ವಾದವೂ ಇದೆ, ನಾನು ಓದಿದ್ದೇನೆ. ಅಪ್ಪನಂಥವರ ವಿಷಯದಲ್ಲಿ ಆ ವಾದ ಮಾಡಬಹುದೇನೋ. ಆದರೆ ಈ ವಸ್ತು ಅಪ್ಪನ ಜೇಬಿನಲ್ಲೇ ಉಳಿಯಲಿಲ್ಲ.

ಅವ್ವ ಅದೇನೆಂದು ಕೇಳಿದಾಗ ಅಪ್ಪ ನಾಚಿಕೆಗೆ, "ದಮ್ಮಿನ ಪಂಪು, ದುಬೈದು" ಅಂದಿದ್ದರು, ಅಂದರೆ ಉಬ್ಬಸದವರು ಎಳೆಯುವ ಇನ್‌ಹೇಲರ್. ಹುಣ್ಣಿಮೆಯ ದಿನ ಬುದ್ಧವಿಹಾರದಲ್ಲಿ ಐದು ಶೀಲ ಹೇಳುವಾಗ, ಅಮಲಿನ ವಸ್ತು ಮುಟ್ಟುವುದಿಲ್ಲ ಎನ್ನುವ ಐದನೆಯದಕ್ಕೆ ಬಂದು, ಬೀಡಿಯನ್ನು ಮನಸ್ಸಿನ ಬಲದಿಂದ ಬಿಟ್ಟೆ ಎಂದು ಎಲ್ಲರ ಮುಂದೆ ನಿಂತು ಹೇಳಿದವರು ಅವರು. ಮನೆಯಲ್ಲಿ ಇನ್ನೇನು ಹೇಳಿಯಾರು? ಅವ್ವ ನಂಬಿದಳು. ಹಣ್ಣಿನ ವಾಸನೆ ಯಾಕೆ ಎಂದರೆ ಅದಕ್ಕೂ ಉತ್ತರ ಇತ್ತಂತೆ: "ಫಾರಿನ್ನಾಗ ಔಷಧಕ್ಕ ವಾಸನಿ ಕಟ್ಟಿ ಕೊಡ್ತಾರ."

ಪಾಮನಕಲ್ಲೂರಿನ ಗ್ಯಾನಮ್ಮ ನಿನಗೆ ನೆನಪಿರಬೇಕು. ಅವ್ವನ ತವರೂರಿನ ಗೆಳತಿ, ಕುರಿ ಕಾಯುವ ಹೊನ್ನೂರಪ್ಪನ ಹೆಂಡತಿ. ಇಬ್ಬರೂ ಹುಡುಗಿಯರಾಗಿ ಒಂದೇ ಹೊಲದಲ್ಲಿ ಕಳೆ ಕಿತ್ತವರು. ಬೇರೆ ಜಾತಿಯವರು ನಮ್ಮ ಮನೆಯ ನೀರನ್ನೂ ಮುಟ್ಟದ ಕಾಲದಲ್ಲಿ ಗ್ಯಾನಮ್ಮ ಒಬ್ಬಳೇ ಬಂದು ಅವ್ವನ ಕೈಯಿಂದ ಉಡಿ ತುಂಬಿಸಿಕೊಂಡು, ಆ ಅಕ್ಕಿಯನ್ನು ತನ್ನ ಮನೆಯಲ್ಲಿ ಬೇಯಿಸಿ ಉಂಡಳು. ಅವಳ ಅತ್ತೆ ಎಂಟು ದಿನ ಮಾತು ಬಿಟ್ಟಿದ್ದಳಂತೆ. ಅದಕ್ಕೇ, ಅಪ್ಪ ಬುದ್ಧನ ಮಾರ್ಗ ಹಿಡಿದು ಇಪ್ಪತ್ತು ವರ್ಷವಾದರೂ ಅವ್ವ ಈ ಒಂದು ಪದ್ಧತಿಯನ್ನು ಬಿಟ್ಟಿಲ್ಲ. ಗ್ಯಾನಮ್ಮ ಸಿಂಧನೂರಿಗೆ ಬಂದಾಗಲೆಲ್ಲ ಅಕ್ಕಿ, ಉತ್ತತ್ತಿ, ಬೆಲ್ಲ, ಒಂದು ಕುಬಸದ ಖಣ ಅವಳ ಸೆರಗಿಗೆ ಬೀಳುತ್ತವೆ. ಈ ಶ್ರಾವಣದಲ್ಲಿ ಬಂದಾಗ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳಿಗೆ ಉಬ್ಬಸ ಬಂತು. ಅವ್ವ ಒಳಗೆ ಹೋಗಿ ಅಪ್ಪನ ಡಬ್ಬಿಯಿಂದ ಒಂದು ಪಂಪು ತೆಗೆದು ಖಣದೊಳಗೆ ಸುತ್ತಿ ಉಡಿಗೆ ಹಾಕಿದಳು. ದಸರೆಗೆ ಇನ್ನೊಂದು. ನಾನು ಎರಡೂ ಸಲ ಡ್ಯೂಟಿಯಲ್ಲಿದ್ದೆ.

ಗ್ಯಾನಮ್ಮ ಆಯುಷ್ಯದಲ್ಲಿ ಬೀಡಿ ಮುಟ್ಟಿದವಳಲ್ಲ. ಅವಳಿಗೆ ಅಸ್ತಮಾ, ಆರು ವರ್ಷದಿಂದ ನನ್ನ ಕಿಟಕಿಯಲ್ಲೇ ಇನ್‌ಹೇಲರ್ ಒಯ್ಯುತ್ತಾಳೆ: ದಿನವೂ ಎಳೆಯಬೇಕಾದದ್ದು ಒಂದು, ಉಬ್ಬಸ ಬಂದಾಗಿನದು ಇನ್ನೊಂದು. ಆಗಸ್ಟಿನಿಂದ ಅವಳು ಬಂದಿಲ್ಲ ಎನ್ನುವುದನ್ನು ನನ್ನ ರಿಜಿಸ್ಟರು ಹೇಳುತ್ತಿತ್ತು. ನಾನು ಗಮನಿಸಲಿಲ್ಲ. ಉಡಿಗೆ ಬಿದ್ದದ್ದು ಆಸ್ಪತ್ರೆಯ ಔಷಧಕ್ಕಿಂತ ದೊಡ್ಡದು ಎಂದು ಅವಳು ಅವೆರಡನ್ನೂ ಗೂಡಿನಲ್ಲಿಟ್ಟು ಇದನ್ನೇ ಎಳೆಯತೊಡಗಿದ್ದಳು. ಅಕ್ಟೋಬರ್ 28ರ ಬೆಳಗ್ಗೆ ಅವಳನ್ನು ಆಂಬುಲೆನ್ಸಿನಲ್ಲಿ ಲಿಂಗಸುಗೂರಿಗೆ ತಂದರು. ತುಟಿ ಕಪ್ಪಾಗಿತ್ತು, ಎದೆ ಬಡಿತ ಎಣಿಸಲು ಸಿಗುತ್ತಿರಲಿಲ್ಲ, ದಾರಿಯಲ್ಲಿ ಎರಡು ಸಲ ವಾಂತಿಯಾಗಿತ್ತು. ಡಾಕ್ಟರ್ ರೇಣುಕಾದೇವಿ ಆಮ್ಲಜನಕ ಹಾಕಿದರು. ನಾನು ಇಂಜೆಕ್ಷನ್ ತೆಗೆದುಕೊಂಡು ವಾರ್ಡಿಗೆ ಹೋದಾಗ ಅವಳ ಎಲೆಅಡಿಕೆಯ ಸಂಚಿ ದಿಂಬಿನ ಪಕ್ಕದಲ್ಲಿತ್ತು, ಅದರ ಬಾಯಿಯಿಂದ ನೀಲಿ ತುದಿ ಕಾಣುತ್ತಿತ್ತು. ಅಪ್ಪನ ಜೇಬಿನಲ್ಲಿ ದಿನವೂ ನೋಡುವ ತುದಿ. ಆಮ್ಲಜನಕದ ಹತ್ತಿರ ಬ್ಯಾಟರಿಯಿಂದ ಕಾಯುವ ವಸ್ತು ಇರಬಾರದು ಎಂದು ತೆಗೆದು ಏಪ್ರನ್ ಜೇಬಿಗೆ ಹಾಕಿಕೊಂಡೆ. ಅಷ್ಟರಮಟ್ಟಿಗೆ ಸರಿಯಾಗಿಯೇ ಮಾಡಿದೆ.

ಹೊರಗೆ ಹೊನ್ನೂರಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ನನ್ನನ್ನು ನೋಡಿ ಅವನಿಗೆ ಜೀವ ಬಂದಂತಾಯಿತು. "ಭಾರತಿ, ಕುರಿ ಬಿದ್ರ ಡಾಕ್ಟರ್ ಮೊದಲ ಕೇಳೋದು ಏನ ಮೇಯ್ದೈತಿ ಅಂತ. ಈ ಡಾಕ್ಟರಮ್ಮನೂ ಅದನ್ನ ಕೇಳಾಕತ್ತಾಳ. ನಾ ಹಟ್ಟ್ಯಾಗ ಇದ್ದವನಲ್ಲ, ನನಗ ಗೊತ್ತಿಲ್ಲ. ನಿನಗೇನರ ಗೊತ್ತೈತೇನ ಬೇ?" ಅಂದ. ಗೊತ್ತಿಲ್ಲ ಅಂದೆ. ಕೈ ಜೇಬಿನಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಡಾಕ್ಟರೂ ಕೇಳಿದರು, ಬೇರೆ ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದ್ದಳೇ ಎಂದು. ಅವರಿಗೂ ಅದನ್ನೇ ಹೇಳಿದೆ.

ಗ್ಯಾನಮ್ಮ ಉಳಿದಳು. ಆರು ದಿನ ಇದ್ದು ಮನೆಗೆ ಹೋದಳು. ಚೀಟಿಯಲ್ಲಿ ಕಾರಣ ಸ್ಪಷ್ಟವಿಲ್ಲ ಎಂದು ಬರೆದಿದ್ದಾರೆ. ಎದೆ ಬಡಿತ ಯಾಕೆ ಹಾಗೆ ಏರಿತೆಂದು ತಿಳಿಯದ್ದರಿಂದ ರಾಯಚೂರಿಗೆ ಕಳಿಸಿ ಹೃದಯದ ಪರೀಕ್ಷೆ ಮಾಡಿಸುವ ಮಾತು ನಡೆದಿದೆ. ಹೊನ್ನೂರಪ್ಪ ಹಿಂಡನ್ನು ಯಾರ ಕೈಗೆ ಒಪ್ಪಿಸಿ ಹೋಗಲಿ ಎಂದು ಊರೆಲ್ಲ ತಿರುಗುತ್ತಿದ್ದಾನೆ. ಇದಕ್ಕಿಂತ ಕೆಟ್ಟದ್ದು, ಮೊನ್ನೆ ಗುರುವಾರ ಗ್ಯಾನಮ್ಮ ಅವ್ವನಿಗೆ ಫೋನು ಮಾಡಿದ್ದಳು. ಅವ್ವ ನನಗೆ ಖುಷಿಯಿಂದಲೇ ವರದಿ ಒಪ್ಪಿಸಿದಳು: "ಪಂಪು ದವಾಖಾನ್ಯಾಗ ಕಳದೈತಂತ ಪಾಪ. ಅದನ್ನ ಎಳದ್ರ ತಲಿ ಗಿಮ್ಮ ಅಂತಿತ್ತಂತ, ದಮ್ಮು ಮರತೇ ಹೋಗತಿತ್ತಂತ. ಇನ್ನೊಂದು ಇಟ್ಟೀನಿ, ಬಂದಾಗ ಉಡ್ಯಾಗ ಹಾಕತೀನಿ." ನಾನು ರೊಟ್ಟಿ ತಿನ್ನುವುದನ್ನು ನಿಲ್ಲಿಸಿದೆ.

ಆ ರಾತ್ರಿಯೇ ಡಬ್ಬಿ ತೆಗೆದು ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಮರುದಿನ ಅಪ್ಪ, ಅವ್ವ ಇಬ್ಬರನ್ನೂ ಕೂರಿಸಿ ಹೇಳಿದೆ. ಅವ್ವ ಅಪ್ಪನ ಕಡೆ ತಿರುಗಿದಳು. "ನನಗ ಸುಳ್ಳು ಹೇಳಿದ್ದು ಇರ್ಲಿ ಬಿಡು. ನನ್ನ ಕೈಲೆ ಆಕಿಗೆ ಹಾಕಿಸಿದಿಯಲ್ಲೋ" ಎಂದಳು. ಅಪ್ಪನಿಗೆ ಅವಳು ಏಕವಚನ ಬಳಸಿದ್ದನ್ನು ನಾನು ಮೊದಲ ಸಲ ಕೇಳಿದೆ. ಅಪ್ಪ ಜೇಬಿನಲ್ಲಿದ್ದದ್ದನ್ನು ಟೇಬಲ್ಲಿನ ಮೇಲೆ ಇಟ್ಟರು. "ಐದನೇ ಶೀಲ ಹೇಳುವಾಗೆಲ್ಲ ನಾ ಕೆಳಗ ನೋಡ್ತಿದ್ದೆ" ಅಂದರು. ಆಮೇಲೆ ಅರ್ಧ ಗಂಟೆ ಬಿಟ್ಟು ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಅವರನ್ನು ತಂಬಾಕು ಬಿಡಿಸುವ ಚಿಕಿತ್ಸೆಗೆ ರಾಯಚೂರಿಗೆ ಕರೆದೊಯ್ಯುತ್ತೇನೆ ಎಂದಿದ್ದೇನೆ.

ಕಾನೂನನ್ನು ಪೂರ್ತಿ ಓದಿದೆ. 2019ರದು. ತಯಾರಿಸುವುದು, ತರಿಸುವುದು, ಸಾಗಿಸುವುದು, ಮಾರುವುದು, ಹಂಚುವುದು, ಕೂಡಿಡುವುದು ಎಲ್ಲವೂ ನಿಷೇಧ. ಹಂಚುವುದು ಎಂದರೆ ಪುಕ್ಕಟೆ ಕೊಟ್ಟರೂ ಹಂಚಿದಂತೆಯೇ. ಹಾಗಾದರೆ ಉಡಿ ತುಂಬಿದ ಅವ್ವನೂ ಅದರೊಳಗೆ ಬರುತ್ತಾಳೆ, ಎಂಟನ್ನು ಹೊತ್ತು ತಂದ ಹಫೀಜನೂ ಬರುತ್ತಾನೆ, ಟ್ರಂಕಿನ ಬೀಗದ ಕೈ ಇಟ್ಟುಕೊಂಡ ನಾನೂ ಬರುತ್ತೇನೆ. ಹೊರದೇಶದಿಂದ ತಂದದ್ದಕ್ಕೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಅಲ್ಲಿ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತದೆ ಎಂದು ನೀನು ಹೇಳಬಹುದು. ಅಲ್ಲಿ ಸಿಗುತ್ತದೆ.

ಹಫೀಜ್ ಇನ್ನೊಂದು ಮಾತು ಹೇಳಿದ. ಡಿಸೆಂಬರಿಗೆ ಬರುವಾಗ ನೀನು ಒಂದು ಪೂರ್ತಿ ಪೆಟ್ಟಿಗೆ ತರುವವನಿದ್ದೀಯಂತೆ, ಗೊರೇಬಾಳದ ವೆಂಕೋಬ ತನ್ನ ಮೊಬೈಲ್ ಅಂಗಡಿಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದಿದ್ದಾನಂತೆ. ಅವನ ಅಂಗಡಿಯ ಎದುರಿಗೇ ಕಾಲೇಜಿನ ಬಸ್ಸು ನಿಲ್ಲುತ್ತದೆ. ತರಬೇಡ. ಕೊಂಡಿದ್ದರೆ ಅಲ್ಲೇ ಹಿಂದಿರುಗಿಸು. ನೀನು ಅಪ್ಪನ ಕೆಮ್ಮು ಕೇಳಲಾರದೆ ಇದನ್ನು ಶುರು ಮಾಡಿದೆ, ನನಗೆ ಗೊತ್ತು. ಆ ರಜೆಯಲ್ಲಿ ನೀನು ಅಂಗಳದಲ್ಲಿ ಅಪ್ಪನ ಬೆನ್ನು ನೀವುತ್ತ ಕೂತದ್ದನ್ನು ನೋಡಿದ್ದೇನೆ. ಅದನ್ನು ಯಾರು ಕೇಳಿದರೂ ಹೇಳುತ್ತೇನೆ.

ಬರಿಗೈಯಲ್ಲಿ ಬಾ. ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ಸಿಟ್ಟಿದ್ದರೂ ಹಿಂಡಿಗೆ ನಿನಗೆ ಬೇಕಾದಷ್ಟು ಬೆಳ್ಳುಳ್ಳಿ ಹಾಕಿದ್ದಾಳೆ. ಅಪ್ಪ ನೆನಪು ತಿಳಿಸಿದ್ದಾರೆ. ರೂಮಿನವರಿಗೆಲ್ಲ ನನ್ನ ನಮಸ್ಕಾರ. ಬೆನ್ನಿನ ಬಗ್ಗೆ ಮರೆಯದೆ ಬರೆ.

ನಿನ್ನ ತಂಗಿ,
ಭಾರತಿ

ಮತ್ತೆ: ಹಫೀಜ್ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಾಳೆ ಸೋಮವಾರ ಹತ್ತು ಗಂಟೆಗೆ ಗ್ಯಾನಮ್ಮ ಮತ್ತೆ ತೋರಿಸಲು ಲಿಂಗಸುಗೂರಿಗೆ ಬರುತ್ತಾಳೆ, ಹೊನ್ನೂರಪ್ಪನೂ ಬರುತ್ತಾನೆ. ಅವಳ ಸಂಚಿಯಿಂದ ತೆಗೆದದ್ದನ್ನು ನನ್ನ ಊಟದ ಚೀಲದಲ್ಲಿ ಇಟ್ಟಾಗಿದೆ. ಅವರಿಬ್ಬರೂ ಕೂತಿರುವಾಗಲೇ ಅದನ್ನು ಡಾಕ್ಟರರ ಮೇಜಿನ ಮೇಲೆ ಇಡುತ್ತೇನೆ, ಬರೆದೂ ಕೊಡುತ್ತೇನೆ. ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಭೀಮೇಶನ ಹೆಸರು ಬಿಟ್ಟು ಹೇಳಲು ಬರುವುದಿಲ್ಲವೇ ಎಂದು ಅಪ್ಪ ನಿನ್ನೆ ಎರಡು ಸಲ ಕೇಳಿದರು. ಬರುವುದಿಲ್ಲ ಅಣ್ಣ. ಗೊತ್ತಿದ್ದೂ ಇಲ್ಲ ಎಂದವಳು ನಾನು, ಆದ್ದರಿಂದ ಮೊದಲು ನನ್ನ ಹೆಸರು ಬರೆಯುತ್ತೇನೆ. ಅದರ ಕೆಳಗೆ ನಿನ್ನದು. ಈ ಪತ್ರ ನಿನ್ನ ಕೈ ಸೇರುವಾಗ ಅದು ಆಗಿರುತ್ತದೆ.