ನೀನೀಗ ಯಾವ ರಾಜ್ಯದವನು?

ಈವ್ಲೆತ್, ಮಿನೆಸೋಟಾ
ಏಪ್ರಿಲ್ 12, ಶನಿವಾರ

ಪ್ರೀತಿಯ ಕರ್ಟ್,

ಮೊಣಕಾಲು ಹೇಗಿದೆ? ಫೋನಿನಲ್ಲಿ ಕೇಳಿದರೆ ‘ಪರವಾಗಿಲ್ಲ’ ಅನ್ನುತ್ತೀ. ನಿನ್ನ ಪರವಾಗಿಲ್ಲಕ್ಕೆ ಎಷ್ಟು ಅರ್ಥಗಳಿವೆ ಎಂದು ಇಪ್ಪತ್ತೊಂದು ವರ್ಷ ಸಂಸಾರ ಮಾಡಿ ಕಲಿತಿದ್ದೇನೆ. ಅಪೆಂಡಿಕ್ಸ್ ಒಡೆದ ದಿನವೂ ಅದನ್ನೇ ಹೇಳಿ ಆಮೇಲೆ ಅಡುಗೆಮನೆಯಲ್ಲಿ ಬಿದ್ದವನು ನೀನು. ಪಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಹೋಗು, ಆ ದೊಡ್ಡ ಲಾರಿಯ ಏಣಿಯಿಂದ ಜಿಗಿಯಬೇಡ, ನೀನೇನು ಹದಿನೆಂಟರ ಹುಡುಗನಲ್ಲ. ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮಮ್ಮನ ಕೆಮ್ಮು ಹೋಯಿತು, ಬೈಗುಳ ವಾಪಸು ಬಂತು, ಅಂದರೆ ಆರೋಗ್ಯವಾಗಿದ್ದಾರೆ ಎಂದು ಲೆಕ್ಕ. ನನ್ನ ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಯಂತ್ರ ಮತ್ತೆ ಕೆಟ್ಟಿದೆ, ಇನ್ನೂರ ಎಂಬತ್ತು ಮಕ್ಕಳ ತಟ್ಟೆ ಕೈಯಲ್ಲೇ ತೊಳೆಯುತ್ತಿದ್ದೇವೆ. ಸರೋವರದ ಮೇಲೆ ಹಿಮಗಡ್ಡೆ ಇನ್ನೂ ಕರಗಿಲ್ಲ.

ಫೋನು ಬಿಟ್ಟು ಕಾಗದ ಯಾಕೆ ಎಂದು ನೀನು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿರಬಹುದು. ಒಳಗೊಂದು ಫಾರಂ ಇದೆ, ಅದನ್ನು ನೀನು ತುಂಬಿ ನೋಟರಿಯ ಎದುರು ಸಹಿ ಮಾಡಬೇಕು, ಅದು ಒಂದು ಕಾರಣ. ಇನ್ನೊಂದು, ಫೋನಿನಲ್ಲಿ ನಾನು ಒಂದು ಮಾತು ಕೇಳಿದರೆ ನೀನು ಅಲ್ಲಿನ ಹವಾಮಾನ ಹೇಳುತ್ತೀ. ಕಾಗದಕ್ಕಾದರೆ ಹಾಗೆ ಮಾಡಲಾಗದು.

ವಿಷಯ ನಮ್ಮ ಮಗಳದೇ, ಆನಿಕಾಳದು. ಫೆಬ್ರವರಿಯಲ್ಲಿ ನೀನು ಅವಳನ್ನು ನೀನಿರುವ ಮೊಂಟಾನಾದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಕರೆದುಕೊಂಡು ಹೋಗಿ ತೋರಿಸಿದೆಯಲ್ಲ, ಅಂದಿನಿಂದ ಅವಳು ನೆಲದ ಮೇಲೆ ನಡೆಯುತ್ತಿಲ್ಲ. ಕಾಡುಪ್ರಾಣಿಗಳ ಬಗ್ಗೆ ಓದಬೇಕಂತೆ, ಅಲ್ಲಿ ಎರಡನೇ ವರ್ಷಕ್ಕೇ ಕಾಡಿಗೆ ಕರೆದುಕೊಂಡು ಹೋಗಿ ಕರಡಿಯ ಕೊರಳಿಗೆ ಪಟ್ಟಿ ಹಾಕುವುದನ್ನು ಕಲಿಸುತ್ತಾರಂತೆ. ನೀನು ಕೊಡಿಸಿದ ಆ ವಿಶ್ವವಿದ್ಯಾಲಯದ ಅಂಗಿಯನ್ನು ಹೊರಗೆ ಹಾಕುವುದಿಲ್ಲ, ಹಾಕಿಕೊಂಡು ಮಲಗುತ್ತಾಳೆ. ಹೊರಗೆ ಹಾಕಿದರೆ ಊರಿಗೆ ಉತ್ತರ ಹೇಳಬೇಕಲ್ಲ. ಮೇ ಒಂದರಂದು ಕೊನೆಯ ವರ್ಷದ ಮಕ್ಕಳೆಲ್ಲ ತಾವು ಸೇರುವ ಕಾಲೇಜಿನ ಅಂಗಿ ತೊಟ್ಟು ಶಾಲೆಯ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಷ್ಟರೊಳಗೆ ಡುಲೂತ್‌ಗೋ ಮೊಂಟಾನಾಗೋ ಮುಂಗಡ ಕಟ್ಟಿರಬೇಕು. ಡುಲೂತ್ ನಮ್ಮ ರಾಜ್ಯದ್ದೇ, ಮನೆಯಿಂದ ಒಂದು ಗಂಟೆ ದಾರಿ, ಶುಲ್ಕ ನಾವು ತಡೆದುಕೊಳ್ಳುವಂಥದ್ದು. ನಿನ್ನ ಕಡೆಯದು ಹೊರಗಿನವರಿಗೆ ಮೂರರಷ್ಟು.

ನಿನ್ನೆ ಚರ್ಚಿನ ನೆಲಮಾಳಿಗೆಯಲ್ಲಿ ಶುಕ್ರವಾರದ ಮೀನೂಟವಿತ್ತು. ಒಂದು ತುಂಡು ಮೀನಿಗೆ ಮೂರು ತುಂಡು ಸಲಹೆ ಬಡಿಸಿದರು. ‘ಮನೆ ಹತ್ರ ಇರೋದು ಬಿಟ್ಟು ಅಷ್ಟು ದೂರ ಯಾಕೆ?’ ಎಂದು ಒಬ್ಬರು. ‘ನಮ್ಮ ಹುಡುಗ ಪಕ್ಕದ ರಾಜ್ಯಕ್ಕೆ ಹೋಗಿ ಸಾಲದ ಜೊತೆ ಗಡ್ಡ ಬೆಳೆಸ್ಕೊಂಡು ಬಂದ’ ಎಂದು ಇನ್ನೊಬ್ಬರು. ನಿಮ್ಮಮ್ಮ ಮಾತ್ರ ಎಲೆಕೋಸಿನ ಸಲಾಡನ್ನು ಕೆದಕುತ್ತಾ ‘ಮೊಂಟಾನಾನಾ? ಹ್ಞೂಂ, ಅದೂ ಒಂಥರಾ’ ಅಂದರು. ನಮ್ಮೂರಿನಲ್ಲಿ ‘ಅದೂ ಒಂಥರಾ’ ಅಂದರೆ ಏನೆಂದು ನಿನಗೆ ಗೊತ್ತು. ನಾನು ಮೊದಲ ಸಲ ನಿಮ್ಮ ಮನೆಗೆ ಬಂದಾಗ ನನ್ನ ಕೂದಲಿನ ಬಣ್ಣಕ್ಕೂ ಅದನ್ನೇ ಅಂದಿದ್ದರು.

ಇಷ್ಟಾಗಿದ್ದರೆ ನಾನು ಕಾಗದ ಬರೆಯುತ್ತಿರಲಿಲ್ಲ. ಮೊನ್ನೆ ಮಂಗಳವಾರ ಶಾಲೆಯಲ್ಲಿ ಕಾಲೇಜು ಸಲಹೆಗಾರ್ತಿ ಮಿಸೆಸ್ ಪಾವ್ಲಿಚ್ ನನ್ನನ್ನೂ ಆನಿಕಾಳನ್ನೂ ಕರೆದಿದ್ದರು. ತುಂಬ ಒಳ್ಳೆಯ ಹೆಂಗಸು, ಕನ್ನಡಕದ ಮೇಲಿಂದ ನೋಡಿದರೆ ಮಾತ್ರ ಸ್ವಲ್ಪ ಭಯ. ತಂದೆ ಅಥವಾ ತಾಯಿ ಆ ರಾಜ್ಯದಲ್ಲೇ ವರ್ಷದ ಮೇಲೆ ಮನೆ ಮಾಡಿಕೊಂಡು, ಅಲ್ಲಿಯೇ ಉಳಿಯುವ ಉದ್ದೇಶ ಇಟ್ಟುಕೊಂಡಿದ್ದರೆ ಮಗಳಿಗೂ ಅಲ್ಲಿಯವರ ಶುಲ್ಕವೇ ಎಂದರು. ನಾನು ಥಟ್ಟನೆ, ‘ಇಲ್ಲ ಇಲ್ಲ, ನನ್ನ ಗಂಡ ಇಲ್ಲಿಯವನೇ. ಇಲ್ಲಿ ಗಣೀಲಿ ಕೆಲಸ ನಿಂತಿತು ಅಂತ ಹೋಗಿದಾನೆ ಅಷ್ಟೆ, ಬರೋ ಬೇಸಿಗೆಗೆ ವಾಪಸು’ ಅಂದೆ. ಪಕ್ಕದಲ್ಲಿ ಆನಿಕಾ ಕೈಯುಗುರು ನೋಡಿಕೊಳ್ಳುತ್ತಿದ್ದಳು. ಹಾಗೆ ನೋಡಿಕೊಳ್ಳುತ್ತಲೇ, ‘ಅಪ್ಪ ಆ ಎಲ್ಕ್ ಜಿಂಕೆ ಹೊಡೆದಿದ್ದು ಅಲ್ಲಿಯವರ ಲೈಸೆನ್ಸ್‌ನಲ್ಲಿ’ ಅಂದಳು.

ಆ ಬೇಟೆಯ ಲೈಸೆನ್ಸನ್ನು ಅವಳು ಫೆಬ್ರವರಿಯಲ್ಲೇ ನಿನ್ನ ಟ್ರಕ್ಕಿನಲ್ಲಿ ನೋಡಿದ್ದಳಂತೆ. ಎರಡು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದಾಳೆ. ನಿಮ್ಮ ಕೋಸ್ಕೆಲಾ ಮನೆತನದ ರಕ್ತ!

ಮಿಸೆಸ್ ಪಾವ್ಲಿಚ್ ಪೆನ್ನು ಕೆಳಗಿಟ್ಟರು. ಅವರ ಗಂಡನೂ ಬೇಟೆಯ ಹುಚ್ಚಿನವರು, ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಲೈಸೆನ್ಸ್ ಬೇಕಾದರೆ ‘ನಾನು ಈ ರಾಜ್ಯದವನು, ನನಗೆ ಬೇರೆಲ್ಲೂ ಮನೆಯಿಲ್ಲ’ ಎಂದು ಬರೆದುಕೊಡಬೇಕು. ಹೊರಗಿನವರಿಗೆ ಅದು ಒಂದು ತಿಂಗಳ ಮನೆ ಬಾಡಿಗೆಯಷ್ಟು, ಅಲ್ಲಿಯವರಿಗೆ ಒಂದು ಪಿಜ್ಜಾದ ಬೆಲೆ. ‘ಬೇಟೆ ಇಲಾಖೆಗೆ ಒಂದು ಮಾತು, ಯೂನಿವರ್ಸಿಟಿಗೆ ಇನ್ನೊಂದು ಮಾತು ಹೇಳೋಕಾಗಲ್ಲಮ್ಮ. ನಿಮ್ಮ ಯಜಮಾನರನ್ನೇ ಕೇಳಿಬಿಡಿ’ ಎಂದು ಈ ಫಾರಂ ಕೊಟ್ಟರು. ಕ್ರಿಸ್‌ಮಸ್‌ಗೆ ನೀನು ಮೂರು ಪೆಟ್ಟಿಗೆ ತುಂಬ ಆ ಎಲ್ಕ್ ಮಾಂಸ ಹೊತ್ತು ಬಂದಾಗ ನಾನು ಎಷ್ಟು ಹೆಮ್ಮೆಪಟ್ಟಿದ್ದೆ! ಆಲೂಗಡ್ಡೆ ಹೊದಿಸಿ ಒಲೆಯಲ್ಲಿ ಬೇಯಿಸಿ ಅಕ್ಕಪಕ್ಕದವರಿಗೂ ಕೊಟ್ಟೆ. ಚಳಿಗಾಲವಿಡೀ ನಾವು ಸಾಕ್ಷಿಯನ್ನೇ ಬೇಯಿಸಿ ತಿಂದಿದ್ದೇವೆ ಎಂದು ಈಗ ಗೊತ್ತಾಯಿತು. ಊರಿಗೆಲ್ಲ ಹಂಚಿದ್ದೂ ಆಯಿತು. ಒಂದೋ ನೀನು ಮೊಂಟಾನಾದವನು, ಇಲ್ಲವೋ ಕಳ್ಳಬೇಟೆಗಾರ. ಎರಡರಲ್ಲಿ ಯಾವುದು ಎಂದು ನೀನೇ ಹೇಳು.

ನನಗೆ ಸಿಟ್ಟು ಬಂದಿದ್ದು ನಿಜ. ಆ ಸಂಜೆ ಆಲೂಗಡ್ಡೆ ಹೆರೆಯುತ್ತಾ ಹೆರೆಯುತ್ತಾ ಗೋಲಿಯಷ್ಟು ಮಾಡಿದೆ. ನಿಮ್ಮಮ್ಮ ಚಾಕುವನ್ನು ನನ್ನ ಕೈಯಿಂದ ಕಿತ್ತುಕೊಂಡು, ‘ಅಗ್ಗಕ್ಕೆ ಸಿಕ್ತು ಅಂತ ತಗೊಂಡಿದಾನೆ ಬಿಡೇ. ಅಷ್ಟು ಕಡಿಮೆಗೆ ಸಿಗೋದಾದ್ರೆ ನಾನೂ ಮೊಂಟಾನಾದವಳು ಅಂತಿದ್ದೆ’ ಅಂದರು. ನಗು ಬಂತು, ನಕ್ಕೆ. ಆಮೇಲೆ ಅವರೇ ಉಳಿದ ಆಲೂಗಡ್ಡೆ ಹೆರೆಯುತ್ತಾ, ‘ಅವನು ಚಿಕ್ಕಂದಿನಿಂದ್ಲೂ ಹಾಗೇ. ಮೊದಲು ಮಾಡ್ತಾನೆ, ಆಮೇಲೆ ತೀರ್ಮಾನ ಮಾಡ್ತಾನೆ’ ಅಂದರು. ಅದಕ್ಕೆ ನನಗೆ ನಗು ಬರಲಿಲ್ಲ. ಇನ್ನೆರಡು ತಿಂಗಳಿಗೆ ನೀನು ಹೋಗಿ ಎರಡು ವರ್ಷ ತುಂಬುತ್ತದೆ. ಎರಡು ಬೇಸಿಗೆ ‘ಮುಂದಿನ ಬೇಸಿಗೆ’ ಆಗಿ ಕಳೆದುಹೋದವು. ನಾನು ಒಮ್ಮೆಯೂ ಬಾಯಿಬಿಟ್ಟು ಕೇಳಲಿಲ್ಲ, ನೀನೂ ಹೇಳಲಿಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಮಾತಾಡಿಕೊಂಡು ಇಬ್ಬರೂ ಹಾಯಾಗಿದ್ದೆವು. ನಿನ್ನದಷ್ಟೇ ತಪ್ಪು ನನ್ನದೂ ಇದೆ.

ಕರ್ಟ್, ಈಗ ಆನಿಕಾ ಹೇಳಿದ್ದು ಬರೆಯುತ್ತೇನೆ, ನಿಂತುಕೊಂಡು ಓದುತ್ತಿದ್ದರೆ ಕೂತುಕೋ. ಗುರುವಾರ ನಾನು ಲಕೋಟೆಗೆ ಅಂಚೆಚೀಟಿ ಹಚ್ಚುತ್ತಿದ್ದಾಗ ಬಂದು ಅದರ ಮೇಲೆ ಕೈಯಿಟ್ಟಳು. ‘ಕಳಿಸ್ಬೇಡಮ್ಮ. ನಾನು ಡುಲೂತ್‌ಗೇ ಹೋಗ್ತೀನಿ. ಅದೇನು ಕೆಟ್ಟದ್ದಲ್ಲ’ ಅಂದಳು. ಮೂರರಷ್ಟು ಕಟ್ಟಲಾಗದು ಎಂದು ಹೆದರಿದಳೇನೋ ಅಂದುಕೊಂಡು, ಅಪ್ಪ ಸಹಿ ಹಾಕಿದರೆ ಅಷ್ಟೆಲ್ಲ ಆಗುವುದಿಲ್ಲ ಎಂದು ಸಮಾಧಾನ ಹೇಳಿದೆ. ‘ದುಡ್ಡಿಗಲ್ಲ. ನೀನು ಕೇಳಿದ್ರೆ ಅಪ್ಪ ನಿಜ ಹೇಳಿಬಿಡ್ತಾನೆ’ ಅಂದಳು. ಹದಿನೆಂಟು ವರ್ಷದ ಹುಡುಗಿ ನಮ್ಮಿಬ್ಬರ ಸಂಸಾರ ಒಡೆಯದಿರಲಿ ಎಂದು ತನ್ನ ಕರಡಿಗಳನ್ನು ಬಿಟ್ಟುಕೊಡಲು ಹೊರಟಿದ್ದಾಳೆ. ನನಗೆ ನಾಚಿಕೆಯಾಯಿತು. ಅಪ್ಪ ಅಮ್ಮ ಕೇಳಿಕೊಳ್ಳಲು ಹೆದರುವ ಪ್ರಶ್ನೆಗೆ ಮಗಳು ಯಾಕೆ ಬೆಲೆ ತೆರಬೇಕು? ಅದಕ್ಕೇ ಕಳಿಸುತ್ತಿದ್ದೇನೆ.

ಆದ್ದರಿಂದ ನಿಜವನ್ನೇ ಬರಿ. ಅವಳ ಶುಲ್ಕಕ್ಕಾಗಿ ‘ಉಳಿಯುತ್ತೇನೆ’ ಎಂದು ಸುಳ್ಳು ಬರೆಯಬೇಡ, ನನಗೆ ಬೇಜಾರಾಗುತ್ತದೆ ಎಂದು ‘ಬರುತ್ತೇನೆ’ ಎಂದೂ ಬರೆಯಬೇಡ. ಬರುವವನಾದರೆ ಫಾರಂ ಹರಿದು ಹಾಕು, ಅವಳು ಡುಲೂತ್‌ನಲ್ಲಿ ಓದುತ್ತಾಳೆ, ಅಲ್ಲಿಯೂ ಕಾಡಿದೆ. ಉಳಿಯುವವನಾದರೆ ಸಹಿ ಮಾಡಿ ಕಳಿಸು, ಅವಳು ಅಲ್ಲಿ ಓದಲಿ. ಅಲ್ಲಿನ ಕೆಲಸ ನಿನಗೆ ಹಿಡಿಸಿದೆ ಎಂದು ನಿನ್ನ ದನಿಯಿಂದಲೇ ನನಗೆ ಗೊತ್ತು. ಹೋಗುವ ಮುಂಚಿನ ಹತ್ತು ವರ್ಷ ನೀನು ಇಲ್ಲಿ ಯಾವಾಗ ಕೆಲಸ ಹೋಗುತ್ತದೋ ಎಂದು ಮುಖ ಗಂಟು ಹಾಕಿಕೊಂಡೇ ಇದ್ದೆ. ನೀನು ಅಲ್ಲಿ ಚೆನ್ನಾಗಿರುವುದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಇದ್ದರೂ ಸ್ವಲ್ಪವೇ. ಬೇಗ ಕಳಿಸು, ಮೇ ಒಂದು ನಿನಗಾಗಿ ಕಾಯುವುದಿಲ್ಲ.

ನಿಮ್ಮಮ್ಮ ಆಶೀರ್ವಾದ ಹೇಳಿದ್ದಾರೆ, ಜೊತೆಗೆ ಉಣ್ಣೆಯ ಕಾಲುಚೀಲ ಒಗೆಯುವಾಗ ಬಿಸಿನೀರು ಹಾಕಬೇಡ ಎಂದೂ. ಆನಿಕಾ, ಲಕೋಟೆ ಅಂಟಿಸುವ ಮುಂಚೆ ಒಳಗೆ ಹಾಕು ಎಂದು ತನ್ನ ಫೋಟೋ ಒಂದನ್ನು ಮೇಜಿನ ಮೇಲಿಟ್ಟು ಹೋಗಿದ್ದಾಳೆ. ಹಾಕಿದ್ದೇನೆ. ಆರೋಗ್ಯ ನೋಡಿಕೋ.

ನಿನ್ನ
ಡೀನಾ

ಮರೆತಿದ್ದೆ: ಫಾರಂನ ಎಲ್ಲ ಸುಲಭದ ಜಾಗಗಳನ್ನು ನಾನೇ ತುಂಬಿದ್ದೇನೆ, ಹುಟ್ಟಿದ ದಿನ, ವಿಳಾಸ ಎಲ್ಲ. ಹನ್ನೊಂದನೇ ಪ್ರಶ್ನೆ ಖಾಲಿ ಬಿಟ್ಟಿದ್ದೇನೆ: ‘ನಿಮ್ಮ ಪತ್ನಿ ನಿಮ್ಮೊಂದಿಗೆ ಈ ರಾಜ್ಯದಲ್ಲಿ ವಾಸಿಸುತ್ತಾರೆಯೇ? ಇಲ್ಲದಿದ್ದರೆ ಕಾರಣವೇನು?’ ಪೆನ್ನು ಹಿಡಿದು ತುಂಬ ಹೊತ್ತು ಕೂತೆ. ಕೆಲಸ, ಮಗಳ ಶಾಲೆ, ಅತ್ತೆಯ ವಯಸ್ಸು ಅಂತೆಲ್ಲ ಬರೆಯಬಹುದಿತ್ತು, ಯಾವುದೂ ನಿಜವಾದ ಕಾರಣವಲ್ಲ. ನೀನು ಒಂದು ದಿನವೂ ನನ್ನನ್ನು ‘ಬಾ’ ಅನ್ನಲಿಲ್ಲ, ಅದೇ ಕಾರಣ. ಬರುತ್ತೇನೆ ಎಂದು ನಾನೀಗ ಹೇಳುತ್ತಿಲ್ಲ, ಬರುವುದಿಲ್ಲ ಎಂದೂ ಹೇಳುತ್ತಿಲ್ಲ. ಕರೆದು ನೋಡು.