ರತ್ನಾಕರ ಮಾವನ ರೆಕಾರ್ಡಿಂಗ್

ಸುಬಾಂಗ್ ಜಯಾ, ಮಲೇಷ್ಯಾ,
೧೧ ಜುಲೈ ೨೦೨೧, ಭಾನುವಾರ

ಪ್ರೀತಿಯ ಅಮ್ಮಾ,

ಎರಡನೇ ಲಸಿಕೆಯ ಜ್ವರ ಬಿಟ್ಟಿತೇ? ಮೊಣಕಾಲು ಹೇಗಿದೆ? ಕಿವಿಯ ಮೆಷಿನ್ನನ್ನು ಕಪಾಟಿನಲ್ಲಿಟ್ಟು ಕುಳಿತಿದ್ದೀಯೆಂದು ಮಹೇಶಣ್ಣ ಚಾಡಿ ಹೇಳಿದ. ಫೋನಿನಲ್ಲಿ ನಾನು ಕಿರುಚಿದರೆ ಇಲ್ಲಿಯ ಅಕ್ಕಪಕ್ಕದವರಿಗೆಲ್ಲ ಕೇಳುತ್ತದೆ, ನಿನ್ನೊಬ್ಬಳನ್ನು ಬಿಟ್ಟು. ಅದಕ್ಕೇ ಈ ಕಾಗದ. ಅಣ್ಣನ ವಾಟ್ಸಪ್ಪಿಗೆ ಕಳಿಸುತ್ತೇನೆ, ಪೇಟೆಯಲ್ಲಿ ಪ್ರಿಂಟ್ ತೆಗೆಸಿ ತಂದುಕೊಡುತ್ತಾನೆ.

ನಾವು ಮೂವರೂ ಮನೆಯೊಳಗೇ ಇದ್ದೇವೆ. ನಿನ್ನ ಅಳಿಯ ಅನಿಲ ಮಲಗುವ ಕೋಣೆಯಿಂದಲೇ ನಿಲಾಯ್ ಊರಿನ ಕಾಲೇಜಿನ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಾರೆ. ನಿಹಾರಿಕಾಳನ್ನು ಊಟಕ್ಕೆ ಕರೆದರೆ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ "ಲೇಟರ್ ಲಾ, ಅಮ್ಮಾ" ಎನ್ನುತ್ತಾಳೆ. ನನಗೆ ಕೆಲಸವೇ ಇಲ್ಲ. ಕಲಾವಿದರ ವಿಡಿಯೋ ಮಾಡಿ ಇಂಟರ್ನೆಟ್ಟಿನಲ್ಲಿ ಹೆಸರು ಮಾಡಿಸುವ ನನ್ನ ಉದ್ಯೋಗವನ್ನು ನೀನು "ಊರವರ ಮುಖಕ್ಕೆಲ್ಲ ದೀಪ ಹಿಡಿಯುವುದು" ಎಂದು ಗೇಲಿ ಮಾಡುತ್ತಿದ್ದೆಯಲ್ಲ, ಈಗ ಹಿಡಿಯಲು ಮುಖಗಳೇ ಇಲ್ಲ. ನಾನು ಚಿತ್ರೀಕರಿಸಿದ್ದ ನಾಗಸ್ವರದವರ ಕಿಟಕಿಯಲ್ಲಿ ಬಿಳಿ ಬಟ್ಟೆ ತೂಗುತ್ತಿದೆ. ಊಟಕ್ಕಿಲ್ಲದವರು ಹಾಗೆ ತೂಗುಹಾಕಿದರೆ ಯಾರಾದರೂ ಅಕ್ಕಿ ತಂದುಕೊಡುತ್ತಾರೆ. ಅವರ ವಿಡಿಯೋವನ್ನು ನಲವತ್ತು ಸಾವಿರ ಜನ ನೋಡಿದ್ದರು. ಒಂಬತ್ತು ವರ್ಷ ನಾನು ಮಾಡಿದ್ದೇನು ಎಂದು ಯೋಚಿಸಿದರೆ ನಾಚಿಕೆಯಾಗುತ್ತದೆ.

ನಿನ್ನ ಅಣ್ಣನ ಹಾಡಿನ ವಿಷಯ ಮತ್ತೆ ಮತ್ತೆ ಕೇಳುತ್ತೀ. ಮೇ ತಿಂಗಳಲ್ಲಿ ನಾನು ಕ್ಲಾಂಗ್ ಬಂದರಿನ ಅವರ ಮನೆಗೆ ಹೋದಾಗ ರತ್ನಾಕರ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ, ಮದುಮಗನಂತೆ ತಯಾರಾಗಿ ಕುಳಿತಿದ್ದರು. ಅಜ್ಜಿ ಗದ್ದೆಯಲ್ಲಿ ಭತ್ತದ ಸಸಿ ನೆಡುವಾಗ ಹಾಡುತ್ತಿದ್ದ ನಟ್ಟಿ ಹಾಡುಗಳು ಮೊದಲಿನಿಂದ ಕೊನೆಯವರೆಗೆ ಬರುತ್ತಿದ್ದುದು ಅವರೊಬ್ಬರಿಗೇ. ಬಂದರಿನಲ್ಲಿ ನಲವತ್ತು ವರ್ಷ ದುಡಿದರೂ ಒಂದು ಸಾಲೂ ಮರೆತಿರಲಿಲ್ಲ. ಯಾರೇ ಹಾಡುವ ಮೊದಲು ಕೋಣೆಯ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳುವುದು ನನ್ನ ಪದ್ಧತಿ. ಆಮೇಲೆ ತುಂಡುಗಳನ್ನು ಜೋಡಿಸಲು ಅದು ಬೇಕಾಗುತ್ತದೆ. ಮಾವ ನಕ್ಕರು. "ಹಾಡ್ಲಿಕ್ಕೆ ಹೇಳಿ ಬಾಯಿ ಮುಚ್ಚಿ ಕೂರಿಸ್ತಿಯಲ್ಲ ಮಾರಾಯ್ತಿ!" ಜೂನ್ ಹದಿನೆಂಟಕ್ಕೆ ಆಸ್ಪತ್ರೆಯಿಂದ ಅವರ ಮಗ ಲೋಕೇಶ ಫೋನ್ ಮಾಡಿದಾಗಲೂ ನನಗೆ ಆ ನಗುವೇ ಕಣ್ಣೆದುರು ಬಂತು. ನಮ್ಮಲ್ಲಿ ಯಾರಿಗೂ ಕೊನೆಯ ಸಲ ಮುಖ ನೋಡಲು ಬಿಡಲಿಲ್ಲ.

ಮಾತ್ರೆ ತಪ್ಪಿಸಬೇಡ. ಮಹೇಶಣ್ಣನಿಗೂ ಅತ್ತಿಗೆಗೂ ನನ್ನ ನೆನಪು ಹೇಳು. ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ.

ನಿನ್ನ ಮಗಳು,
ಸುಗಂಧಿ

ತಾ.ಕ.: ಅಮ್ಮಾ, ಈಗಲೇ ಬರೆಯದಿದ್ದರೆ ಮತ್ತೆ ಧೈರ್ಯ ಬರುವುದಿಲ್ಲ. ಮಾವನ ಹಾಡಿನ ಎಡಿಟಿಂಗ್ ನಡೆಯುತ್ತಿದೆ ಎಂದು ನಾನು ಹೇಳುತ್ತಿದ್ದುದು ಸುಳ್ಳು. ಆ ಒಂದು ನಿಮಿಷ ಮುಗಿಯುವಷ್ಟರಲ್ಲಿ ಪಕ್ಕದ ಮನೆಯವರು ಗೋಡೆ ಕೊರೆಯತೊಡಗಿದರು. ನಾಳೆ ಬರುತ್ತೇನೆಂದು ಕ್ಯಾಮೆರಾ ಕಟ್ಟಿಕೊಂಡು ಬಂದೆ. ಮರುದಿನದಿಂದ ಲಾಕ್‌ಡೌನ್, ಜಿಲ್ಲೆ ದಾಟುವಂತಿಲ್ಲ ಎಂದರು. ಮಾವ ಎರಡು ಸಲ ಫೋನ್ ಮಾಡಿ, "ಮೊಬೈಲಲ್ಲೇ ಹಾಡಿ ಕಳಿಸ್ತೇನೆ, ಆಗ್ತದಾ ಮಗಾ?" ಎಂದು ಕೇಳಿದರು. ಬೇಡ ಮಾವ, ಧ್ವನಿ ಚೆನ್ನಾಗಿ ಬರುವುದಿಲ್ಲ ಎಂದೆ. ನನ್ನ ಬಳಿ ಇರುವುದು ಆ ಒಂದು ನಿಮಿಷ ಮಾತ್ರ. ಫ್ಯಾನಿನ ಸದ್ದು, ಅವರ ಉಸಿರು. ಕೊನೆಯಲ್ಲಿ "ಈಗ ಹಾಡ್ಲಾ?" ಎನ್ನುತ್ತಾರೆ. "ತಡೀರಿ ಮಾವ" ಎನ್ನುತ್ತೇನೆ. ಮುಂದಿನ ಭಾನುವಾರ ಅವರ ಮಾಸಿಕದ ದಿನ ಹಾಡು ಕೇಳಲೆಂದು ಯಾರನ್ನೂ ಕರೆಯಬೇಡ ಅಮ್ಮಾ.